ಗರೀಬ: ಕೊಲ್ಲಿಯಿಂದ ಬಂದ ಮಾತು, ಕೊಲ್ಲಿಗೆ ಹೊರಟ ಮನುಷ್ಯ

ಬನಹಟ್ಟಿ, ರಬಕವಿ, ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲಿ ‘ಗರೀಬ’ ಎಂಬ ಮಾತು ದಿನ ಬೆಳಗಾದರೆ ಕಿವಿಗೆ ಬೀಳುತ್ತದೆ. ‘ನಾವು ಗರೀಬ ಮಂದಿ ಅದೀವ್ರಿ’ ಎಂದರೆ ಕೈಯಲ್ಲಿ ರೊಕ್ಕವಿಲ್ಲದವರು ಎಂದರ್ಥ. ‘ಹುಡುಗ ಭಾಳ ಗರೀಬ ಅದಾನ’ ಎಂದರೆ ಸಾಧು, ಎದುರಾಡದವ, ನಾಕು ಮಂದಿಯಲ್ಲಿ ದನಿ ಏರಿಸದವ. ಕನ್ಯೆ ಕೊಡುವವರು ವರನ ವಿಚಾರ ತೆಗೆದಾಗ ಇದು ಹೊಗಳಿಕೆಯೇ. ಹಾಯದ ಎತ್ತು, ಒದೆಯದ ಎಮ್ಮೆ ಕೂಡ ಗರೀಬ. ದಿಕ್ಕುದೆಸೆ ಇಲ್ಲದವರನ್ನೆಲ್ಲ ಒಟ್ಟಿಗೆ ಹೇಳಬೇಕಾದಾಗ ‘ಗೋರಗರೀಬರು’ ಎಂಬ ಜೋಡುಮಾತು ಇದೆ. ಬಡತನ ಮತ್ತು ಸಾಧುತನ, ಇವೆರಡೇ ಈ ಪದದ ಸ್ವತ್ತು ಎಂದು ನಾವು ನಂಬಿದ್ದೇವೆ.

ಹುಟ್ಟಿದಾಗ ಈ ಪದಕ್ಕೆ ಎರಡರ ಸೋಂಕೂ ಇರಲಿಲ್ಲ. ಅದರ ಮೊದಲ ಅರ್ಥ ಊರು ಬಿಟ್ಟು ಬಂದವನು, ಪರಸ್ಥಳದವನು ಎಂದಷ್ಟೇ. ಅವನ ಕಿಸೆ ತುಂಬಿದೆಯೋ ಬರಿದಾಗಿದೆಯೋ ಎಂಬುದನ್ನು ಪದ ಕೇಳುತ್ತಿರಲಿಲ್ಲ. ಇವತ್ತು ನಮ್ಮ ಓಣಿಯ ಹುಡುಗರು ದುಬೈ, ದೋಹಾ, ರಿಯಾದ್ ಅಂತ ಹೊರಟು ನಿಂತಿರುವಾಗ ಈ ಮೂಲದ ಅರ್ಥವನ್ನು ಒಮ್ಮೆ ತಿರುವಿ ನೋಡಬೇಕು ಅನಿಸುತ್ತದೆ. ಯಾವ ಸಮುದ್ರದ ದಂಡೆಯಿಂದ ಈ ಮಾತು ನಮ್ಮ ಕಡೆ ಬಂತೋ ಅದೇ ದಂಡೆಗೆ ನಮ್ಮವರು ಈಗ ದುಡಿಯಲು ಹೋಗುತ್ತಿದ್ದಾರೆ.

ಅರಬ್ಬೀ ಭಾಷೆಯ ಬಹುಪಾಲು ಪದಗಳು ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ಗರೀಬದ ಧಾತು ಘ-ರ-ಬ. ದೂರ ಹೋಗು, ಕಣ್ಮರೆಯಾಗು, ಸೂರ್ಯ ಮುಳುಗು ಎಂಬ ಭಾವಗಳೆಲ್ಲ ಅದರಲ್ಲಿವೆ. ಸೂರ್ಯ ಮುಳುಗುವ ದಿಕ್ಕು ‘ಘರ್ಬ್’, ಅಂದರೆ ಪಡುವಣ. ಮುಳುಗುವ ಹೊತ್ತಿನ ನಮಾಜು ‘ಮಗ್ರಿಬ್’; ಸಂಜೆ ನಮ್ಮೂರ ಮಸೀದಿಯಿಂದಲೂ ಕೇಳುವ ಹೆಸರು. ಅರಬರ ನೆಲದ ಪಡುವಣ ತುದಿಯಲ್ಲಿರುವ ಮೊರಾಕ್ಕೊ ದೇಶವನ್ನು ಅರಬ್ಬಿಯಲ್ಲಿ ‘ಅಲ್ ಮಗ್ರಿಬ್’ ಎಂದೇ ಕರೆಯುತ್ತಾರೆ. ತನ್ನವರಿಂದ ದೂರ ಹೋದವನು ‘ಘರೀಬ್’. ಊರು ಬಿಟ್ಟು ಪರನಾಡಿನಲ್ಲಿ ಬದುಕುವ ಸ್ಥಿತಿ ‘ಘುರ್ಬಾ’. ಇವತ್ತಿಗೂ ಕೈರೋದಿಂದಲೋ ಖಾರ್ಟೂಮಿನಿಂದಲೋ ಕೊಲ್ಲಿಗೆ ದುಡಿಯಲು ಬಂದ ಅರಬನು ತನ್ನ ಬಾಳನ್ನು ಘುರ್ಬಾ ಎಂದೇ ಹೇಳಿಕೊಳ್ಳುತ್ತಾನೆ.

ಹಾಗಾದರೆ ಬಡವನಿಗೆ ಅರಬ್ಬಿಯಲ್ಲಿ ಏನೆನ್ನುತ್ತಾರೆ? ‘ಫಕೀರ್’. ಅದೇ ಪದ ನಮ್ಮಲ್ಲಿಗೆ ಬಂದು ಜೋಳಿಗೆ ಹಿಡಿದ ಸಂತನಾಯಿತು. ಅಲ್ಲಿಯ ಬಡವ ಇಲ್ಲಿ ಸಂತನಾದ, ಅಲ್ಲಿಯ ಪರಸ್ಥಳದವ ಇಲ್ಲಿ ಬಡವನಾದ. ಹಳೆಯ ಅರ್ಥದ ಕುರುಹು ಹಿಂದಿ-ಉರ್ದುವಿನ ಒಂದು ಜೋಡುಮಾತಿನಲ್ಲಿ ಹಾಗೇ ಉಳಿದಿದೆ: ‘ಅಜೀಬೋ ಗರೀಬ್’. ಹಿಂದಿ ಸಿನಿಮಾ ನೋಡಿದ ಎಲ್ಲರೂ ಕೇಳಿದ ಮಾತಿದು. ‘ವಿಚಿತ್ರ, ಹಿಂದೆಂದೂ ಕಾಣದ್ದು’ ಎಂಬುದು ಅದರ ಅರ್ಥ. ಅಲ್ಲಿರುವ ಗರೀಬನಿಗೂ ಬಡತನಕ್ಕೂ ಯಾವ ಸಂಬಂಧವೂ ಇಲ್ಲ. ಅದು ನಮ್ಮದಲ್ಲದ್ದು, ಹೊರಗಿನದ್ದು ಎಂಬ ಹಳೆಯ ಅರ್ಥವೇ.

ಈ ಮಾತು ಕನ್ನಡ ನಾಡಿಗೆ ಬಂದದ್ದು ಮನುಷ್ಯರ ಜೊತೆಗೆ. 1347ರಲ್ಲಿ ಬಹಮನಿ ರಾಜ್ಯ ತಲೆಯೆತ್ತಿದ ಮೇಲೆ ಪರ್ಷಿಯಾ, ಇರಾಕ್, ಅರಬ ನಾಡು, ಮಧ್ಯ ಏಷ್ಯಾಗಳಿಂದ ಜನ ಸಾಲುಗಟ್ಟಿ ದಖ್ಖನಿಗೆ ಬಂದರು. ಸೈನಿಕರು, ಕುದುರೆ ವ್ಯಾಪಾರಿಗಳು, ಲೆಕ್ಕ ಬರೆಯುವವರು, ವೈದ್ಯರು, ಕವಿಗಳು, ಕಟ್ಟಡ ಬಲ್ಲವರು ಎಲ್ಲರೂ ಅದರಲ್ಲಿದ್ದರು. ಇಲ್ಲಿಯ ಹವೆಗೆ ಒಳ್ಳೆಯ ಯುದ್ಧದ ಕುದುರೆ ಬೆಳೆಯುತ್ತಿರಲಿಲ್ಲ. ಕೊಲ್ಲಿಯ ಬಾಯಲ್ಲಿರುವ ಹೋರ್ಮುಜ್‌ನಿಂದ ಹಡಗಿನಲ್ಲಿ ಗೋವಾ, ಭಟ್ಕಳ, ದಾಭೋಳಗಳಿಗೆ ಕುದುರೆ ಇಳಿಯಬೇಕಿತ್ತು. ಕುದುರೆ ಬಂದ ದಾರಿಯಲ್ಲೇ ನೌಕರಿ ಅರಸುವವರೂ ಬಂದರು. ಇವರನ್ನು ಆ ಕಾಲದ ಪರ್ಷಿಯನ್ ಬರಹಗಳು ‘ಆಫಾಕಿ’ ಎಂದು ಕರೆದವು. ‘ಆಫಾಕ್’ ಎಂದರೆ ದಿಗಂತಗಳು. ಆಫಾಕಿ ಎಂದರೆ ದಿಗಂತದಾಚೆಯಿಂದ ಬಂದವನು. ಇವರಿಗೇ ಇದ್ದ ಇನ್ನೊಂದು ಹೆಸರು ‘ಗರೀಬ್’, ಬಹುವಚನದಲ್ಲಿ ‘ಗರೀಬಾನ್’.

ಆ ಗರೀಬರ ದರ್ಬಾರು ನೋಡಿ. ಇರಾಕಿನ ಬಸ್ರಾ ಬಂದರಿನ ವ್ಯಾಪಾರಿ ಖಲಫ್ ಹಸನ್, 1422ರಲ್ಲಿ ಅಹಮದ್ ಶಾಹ ಬಹಮನಿ ಪಟ್ಟಕ್ಕೇರಲು ಒತ್ತಾಸೆಯಾಗಿ ನಿಂತು ‘ಮಲಿಕ್-ಉತ್-ತುಜ್ಜಾರ್’, ಅಂದರೆ ವರ್ತಕರ ಒಡೆಯ, ಎಂಬ ಬಿರುದು ಪಡೆದ. ಅದೇ ಬಿರುದು ಮುಂದೆ ಮಹಮೂದ್ ಗವಾನನಿಗೂ ಸಂದಿತು. ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗಿಲಾನಿನವನಾದ ಗವಾನ 1453ರಲ್ಲಿ ದಾಭೋಳದಲ್ಲಿ ಇಳಿದು ಬೀದರಿಗೆ ಬಂದು, ರಾಜ್ಯದ ಪ್ರಧಾನಿಯಾಗಿ, 1472ರಲ್ಲಿ ತನ್ನ ಹೆಸರಿನ ಮದರಸಾ ಕಟ್ಟಿಸಿದ. 1470ರ ಆಸುಪಾಸಿನಲ್ಲಿ ಬೀದರಿನಲ್ಲಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿಟಿನ್, ಇಲ್ಲಿ ಆಳುವವರೂ ಸರದಾರರೂ ಖುರಾಸಾನದವರು, ಹಳ್ಳಿಯ ಜನ ಮಾತ್ರ ಕಡುಬಡವರು ಎಂದು ಬರೆದಿಟ್ಟ. ಅಂದರೆ ಅವತ್ತು ಗರೀಬನೇ ಸಿರಿವಂತ, ನೆಲದವನೇ ಬಡವ. ಇಂದಿನ ಅರ್ಥ ಹಿಡಿದುಕೊಂಡು ಅಂದಿನ ಇತಿಹಾಸ ಓದಿದರೆ ತಲೆಕೆಳಗಾಗಿ ಕಾಣುತ್ತದೆ.

ಹೊರಗಿನವರು ಏರಿದಾಗ ಒಳಗಿನವರ ಹೊಟ್ಟೆಯಲ್ಲಿ ಉರಿ ಬೀಳುವುದು ಸಹಜ. ಇಲ್ಲೇ ಹುಟ್ಟಿ ಬೆಳೆದ ಸರದಾರರು ‘ದಖ್ಖನಿ’ಗಳು, ಅಬಿಸೀನಿಯಾದಿಂದ ಬಂದ ಹಬಶಿಗಳು ಬಹಳ ಸಲ ಅವರ ಜೊತೆಗೆ ನಿಂತರು. ದಖ್ಖನಿ-ಗರೀಬರ ಜಗಳ ಬಹಮನಿ ರಾಜ್ಯವನ್ನು ಒಳಗಿನಿಂದ ತಿಂದಿತು. ಕೊಂಕಣದ ದಂಡಯಾತ್ರೆಯಲ್ಲಿ ಖಲಫ್ ಹಸನ್ ಸತ್ತ ಮೇಲೆ ಅಳಿದುಳಿದ ಪರಸ್ಥಳದ ಸೈನಿಕರು ಪುಣೆಯ ಹತ್ತಿರದ ಚಾಕಣ ಕೋಟೆ ಸೇರಿದರು. ಅಭಯ ಕೊಟ್ಟು ಹೊರಗೆ ಕರೆದು ಅವರನ್ನು ಕಡಿದು ಹಾಕಿದರು. 1481ರಲ್ಲಿ ಸುಳ್ಳು ಪತ್ರವೊಂದನ್ನು ಸೃಷ್ಟಿಸಿ ಗವಾನನ ತಲೆ ತೆಗೆಸಿದರು. ಎಷ್ಟೇ ಎತ್ತರಕ್ಕೇರಿದರೂ ಪರಸ್ಥಳದವನ ಪರವಾಗಿ ನಿಂತು ಮಾತಾಡುವ ಬಂಧುಬಳಗ ಊರಲ್ಲಿ ಇರುವುದಿಲ್ಲ. ಒಡೆಯನ ಮನಸ್ಸು ಕೆಟ್ಟ ದಿನ ಅವನ ಕತೆ ಮುಗಿಯಿತು. ಗರೀಬ ಎಂಬ ಪದದೊಳಗೆ ನಿರ್ಗತಿಕತೆ ಹೊಕ್ಕಿದ್ದು ಇಂಥ ಬಿರುಕಿನಿಂದಲೇ ಎಂದು ನನಗೆ ಅನಿಸುತ್ತದೆ.

ನಮ್ಮ ಸೀಮೆಯನ್ನು ಆಳಿದ ಬಿಜಾಪುರದ ಆದಿಲಶಾಹಿಯಲ್ಲೂ ಇದೇ ಎಳೆದಾಟ ನಡೆಯಿತು. ಮೂಲಪುರುಷ ಯೂಸುಫ್ ಆದಿಲ್ ಖಾನನೇ ಹೊರಗಿನಿಂದ ಬಂದವನು. ಆದರೆ 1530ರ ದಶಕದಲ್ಲಿ ಪಟ್ಟಕ್ಕೆ ಬಂದ ಅವನ ಮೊಮ್ಮಗ, ಒಂದನೇ ಇಬ್ರಾಹಿಂ, ಹೊರಗಿನವರಲ್ಲಿ ಹೆಚ್ಚಿನವರನ್ನು ನೌಕರಿಯಿಂದ ತೆಗೆದು ದಖ್ಖನಿಗಳನ್ನೂ ಹಬಶಿಗಳನ್ನೂ ಸೇರಿಸಿಕೊಂಡ. ದಫ್ತರದ ಲೆಕ್ಕವನ್ನು ಪರ್ಷಿಯನ್ ಬಿಟ್ಟು ನೆಲದ ಭಾಷೆಯಲ್ಲಿ ಬರೆಸಿದ. ಅವನ ಮಗ ಒಂದನೇ ಅಲಿ 1558ರಲ್ಲಿ ಬಂದವನೇ ಹೊರಗಿನವರನ್ನು ಮತ್ತೆ ಕರೆಸಿದ. ಇದನ್ನೆಲ್ಲ ಬರೆದಿಟ್ಟ ಇತಿಹಾಸಕಾರ ಫಿರಿಶ್ತಾ ಕೂಡ ಇರಾನಿನ ಅಸ್ತ್ರಾಬಾದಿನಲ್ಲಿ ಹುಟ್ಟಿ 1589ರಲ್ಲಿ ಬಿಜಾಪುರದ ಆಶ್ರಯ ಪಡೆದವನು. ಗರೀಬರ ಕತೆಯನ್ನು ಗರೀಬನೊಬ್ಬನೇ ಬರೆದ.

ನೌಕರಿಯಲ್ಲಿ ನೆಲದವರಿಗೆ ಪಾಲು ಎಂಬ ಈ ಕೂಗು ಕೊಲ್ಲಿಯಲ್ಲಿ ಈಗ ತಿರುಗಿ ಕೇಳುತ್ತಿದೆ. 2011ರಲ್ಲಿ ಸೌದಿ ಅರೇಬಿಯಾ ‘ನಿತಾಕತ್’ ಪದ್ಧತಿ ತಂದು, ಕಂಪನಿಗಳು ಇಂತಿಷ್ಟು ಸೌದಿಗಳನ್ನು ಇಟ್ಟುಕೊಳ್ಳಲೇಬೇಕೆಂದು ಬಿಗಿ ಮಾಡಿತು. ಹಾಗೆ ನೌಕರಿ ಕಳೆದುಕೊಂಡು ಮರಳಿದವರಲ್ಲಿ ಭಾರತೀಯರೂ ಇದ್ದರು. ಬಿಜಾಪುರದ ಇಬ್ರಾಹಿಂ ಮಾಡಿದ್ದು, ರಿಯಾದ್ ಮಾಡಿದ್ದು ಒಂದೇ ಲೆಕ್ಕಾಚಾರ. ನಡುವೆ ಕುರ್ಚಿಗಳು ಮಾತ್ರ ಅದಲು ಬದಲಾಗಿವೆ.

ಈ ಅದಲು ಬದಲನ್ನು ತೋರಿಸಲು ಒಂದು ಊರಿನ ಹೆಸರು ಸಾಕು: ಲಾರ್. ದಕ್ಷಿಣ ಇರಾನಿನಲ್ಲಿ, ಕೊಲ್ಲಿಯ ಕರಾವಳಿಯಿಂದ ಒಳಗಿರುವ ಊರು. ಅಲ್ಲಿಂದ ಬಂದವನು ಅಸದ್ ಖಾನ್ ಲಾರಿ. ಆದಿಲಶಾಹಿಯ ಹಿರಿಯ ಸರದಾರ, ಬೆಳಗಾವಿಯನ್ನು ಆಳಿ 1549ರಲ್ಲಿ ತೀರಿಕೊಂಡ. ಬೆಳಗಾವಿ ಕೋಟೆಯೊಳಗಿನ ಸಫಾ ಮಸೀದಿ ಅವನ ಕಾಲದ್ದು. ಅದೇ ಲಾರ್ ಊರಿನ ಹೆಸರು ಹೊತ್ತ ನಾಣ್ಯ ‘ಲಾರಿ’. ಬೆಳ್ಳಿಯ ತಂತಿಯನ್ನು ನಡುವೆ ಮಡಚಿ, ಎರಡೂ ಬದಿಗೆ ಮುದ್ರೆ ಒತ್ತಿದ್ದು. ಕೊಲ್ಲಿಯಿಂದ ಮಲಬಾರದವರೆಗೆ ಇದು ಚಲಾವಣೆಯಲ್ಲಿತ್ತು. ಎರಡನೇ ಅಲಿ ಆದಿಲ್ ಶಾಹ (1656-1672) ತನ್ನ ಹೆಸರಿನಲ್ಲೇ ಲಾರಿ ಮುದ್ರಿಸಿದ. ಹಾಗೆ ಕೊಲ್ಲಿಯ ಮನುಷ್ಯನೂ ನಮ್ಮಲ್ಲಿಗೆ ಬಂದ, ಕೊಲ್ಲಿಯ ಹಣವೂ ಬಂತು.

ಇನ್ನು ಈಚೆಗೆ ಬನ್ನಿ. ಅದೇ ಲಾರಿಸ್ತಾನದ ಬಸ್ತಕ್ ಎಂಬ ಊರಿನ ವ್ಯಾಪಾರಿಗಳು 19ನೆಯ ಶತಮಾನ ಮುಗಿಯುವ ಹೊತ್ತಿಗೆ ಸಮುದ್ರ ದಾಟಿ ದುಬೈ ಖಾರಿಯ ದಂಡೆಯಲ್ಲಿ ಗಾಳಿಗೋಪುರದ ಮನೆ ಕಟ್ಟಿಕೊಂಡು ನಿಂತರು. ಆ ಓಣಿಯೇ ‘ಬಸ್ತಕಿಯಾ’. ಈಗ ಅಲ್ ಫಹೀದಿ ಎಂದು ಹೆಸರಾಗಿ, ಪ್ರವಾಸಿಗಳು ನೋಡಲು ಹೋಗುವ ಜಾಗ. ದುಬೈ ಬೆಳೆಯುವುದಕ್ಕೆ ಹೊರಗಿನಿಂದ ಬಂದವರೇ ಮೊದಲಿನಿಂದ ಆಧಾರ. ಹಣವೂ ಆಗ ತಿರುಗಿ ಹರಿಯಿತು. 20ನೆಯ ಶತಮಾನದ ಬಹುಭಾಗ ಆ ದಂಡೆಯಲ್ಲಿ ನಡೆದದ್ದು ನಮ್ಮ ರೂಪಾಯಿ. 1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಅಲ್ಲಿಗೆಂದೇ ಬೇರೆ ‘ಗಲ್ಫ್ ರೂಪಾಯಿ’ ಹೊರಡಿಸಿತು. 1966ರಲ್ಲಿ ರೂಪಾಯಿ ಅಪಮೌಲ್ಯವಾದ ಮೇಲೆ ಅವರು ಅದನ್ನು ಕೈಬಿಟ್ಟರು. 1973ರಲ್ಲಿ ಎಮಿರೇಟ್ಸ್‌ನ ದಿರ್ಹಮ್ ಬಂತು.

ಪದದ ಕತೆಗೆ ಮರಳೋಣ. ಸರದಾರನ ಹೆಸರಾಗಿದ್ದ ಗರೀಬ ಬಡವನಾಗಿ ಇಳಿದದ್ದು ಹೇಗೆ? ಬಂದವರೆಲ್ಲ ಗವಾನರಾಗಿರಲಿಲ್ಲ ಎಂಬುದು ಮೊದಲ ಉತ್ತರ. ಒಬ್ಬ ಸರದಾರನ ಹಿಂದೆ ಹತ್ತಾರು ಕಾಲಾಳು, ದಾರಿ ತಪ್ಪಿದ ಫಕೀರ, ಕೆಲಸ ಕೇಳಿ ಬಾಗಿಲಲ್ಲಿ ನಿಂತ ಬಡ ಕಾರಕೂನ ಇರುತ್ತಿದ್ದರು. ಊರಿನ ಕಣ್ಣಿಗೆ ದಿನವೂ ಬೀಳುತ್ತಿದ್ದವರು ಇವರೇ. ಸೂಫಿ ಸಂತರು ಈ ಪದವನ್ನು ಇನ್ನಷ್ಟು ಮೆತ್ತಗೆ ಮಾಡಿದರು. ದೌಲತಾಬಾದಿಗೆ ಬಂದು 1337ರಲ್ಲಿ ತೀರಿಕೊಂಡ ಚಿಶ್ತಿ ಸಂತ ಬುರ್ಹಾನುದ್ದೀನರ ಹೆಸರಿನ ಜೊತೆಗೇ ‘ಗರೀಬ್’ ಇದೆ. ಅಜ್ಮೀರದ ಖ್ವಾಜಾ ಅವರಿಗೆ ‘ಗರೀಬ್ ನವಾಜ್’ ಎಂಬ ಹೆಸರು. ಪರಸ್ಥಳದವನನ್ನು ಒಳಗೆ ಕರೆದು ಉಣಿಸುವವನು ಎಂಬಲ್ಲಿಂದ, ಬಡವರನ್ನು ಸಾಕುವವನು ಎಂಬಲ್ಲಿಗೆ ಈ ಹೆಸರು ಸರಿದದ್ದು ಯಾರಿಗೂ ತಿಳಿಯದಂತೆ ನಡೆದಿರಬೇಕು, ಯಾಕೆಂದರೆ ದರ್ಗಾದ ಪಂಕ್ತಿಯಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ಕುಳಿತಿದ್ದರು. ಕಡೆಗೆ ಅರ್ಜಿಗಳಲ್ಲಿ ಅಧಿಕಾರಿಯನ್ನು ‘ಗರೀಬ್ ಪರವರ್’ ಎಂದು ಕರೆಯುವ ಹೊತ್ತಿಗೆ ಅರ್ಥ ಪೂರ್ತಿ ಬಡವನದಾಗಿತ್ತು.

ನಮ್ಮ ಕಡೆಗೆ ಈ ಮಾತನ್ನು ಗಟ್ಟಿ ಮಾಡಿದ್ದು ಮರಾಠಿ. ಜಮಖಂಡಿಯಲ್ಲಿ ಪಟವರ್ಧನರ ಸಂಸ್ಥಾನ, ಮುಧೋಳದಲ್ಲಿ ಘೋರ್ಪಡೆಯವರ ಸಂಸ್ಥಾನ. ದಫ್ತರ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ. ಅರ್ಜಿ, ವಸೂಲಿ, ತಕರಾರು, ಹಾಜರಿ, ಜಾಮೀನು, ಖರ್ಚು ಎಲ್ಲವೂ ಪರ್ಷಿಯನ್ನಿನಿಂದ ಮರಾಠಿಗೆ, ಮರಾಠಿಯಿಂದ ನಮ್ಮ ಕನ್ನಡಕ್ಕೆ ಇಳಿದವು. ಸಾಧು, ಬಡಪಾಯಿ ಎಂಬ ಅರ್ಥಛಾಯೆ ಮರಾಠಿಯ ‘ಗರೀಬ’ದಲ್ಲೂ ಇದೆ. ‘ಗರೀಬ ಎತ್ತು’ ನಮಗೆ ಸಿಕ್ಕಿದ್ದು ಆ ದಾರಿಯಿಂದ.

ಆದರೆ ಪರಸ್ಥಳದವ ಬಡವನಾಗುವ ಈ ನಡೆ ಗರೀಬ ಎಂಬ ಒಂದೇ ಪದದ ಹಣೆಬರಹವಲ್ಲ. ನಮ್ಮದೇ ‘ಪರದೇಶಿ’ಯನ್ನು ನೋಡಿ. ಪರದೇಶದವನು ಎಂಬುದಷ್ಟೇ ಅದರ ಅಕ್ಷರಾರ್ಥ. ಈಗ ‘ಪರದೇಸಿ’ ಎಂದರೆ ಹೇಳುವವರು ಕೇಳುವವರು ಇಲ್ಲದವನು. ಗಂಡ ಸತ್ತ ಮನೆಯಲ್ಲಿ ‘ನನ್ನ ಪರದೇಸಿ ಮಾಡಿ ಹ್ವಾದ್ಯಲ್ಲೋ’ ಎಂದು ಅಳುವ ಹೆಣ್ಣುಮಗಳು ಹುಟ್ಟಿದ ಊರು ಬಿಟ್ಟು ಹೊರಗೆ ಕಾಲಿಟ್ಟಿರುವುದಿಲ್ಲ. ಆಸರೆ ಹೋಯಿತು ಎಂಬುದಕ್ಕೆ ಊರು ತಪ್ಪಿತು ಎಂಬ ಮಾತನ್ನೇ ಅವಳು ಎತ್ತಿಕೊಳ್ಳುತ್ತಾಳೆ. ಜರ್ಮನ್ ಭಾಷೆಯಲ್ಲಿ ‘ಎಲೆಂಡ್’ ಎಂದರೆ ದೈನ್ಯ, ದುರ್ಗತಿ. ಅದರ ಹಳೆಯ ಅರ್ಥ ಅನ್ಯನಾಡು. ಇಂಗ್ಲಿಷಿನ ‘ರೆಚ್’, ಅಂದರೆ ದುರ್ಭಾಗ್ಯ ಮನುಷ್ಯ, ಒಂದು ಕಾಲಕ್ಕೆ ಗಡೀಪಾರಾದವನು. ದೂರ ದೂರದ ಇಷ್ಟು ಭಾಷೆಗಳು ಒಂದೇ ಮಾತಿಗೆ ಬಂದು ಮುಟ್ಟಿದರೆ ಅದನ್ನು ಅನುಭವದ ಸಾಕ್ಷಿ ಎಂದೇ ನಾನು ತಿಳಿಯುತ್ತೇನೆ. ರೊಕ್ಕ ಹೋದವನಿಗಿಂತ ಜನ ಹೋದವನು ಹೆಚ್ಚು ಬಡವ ಎಂದು ಈ ಎಲ್ಲ ಭಾಷೆಗಳ ಹಿರಿಯರು ಕಂಡುಕೊಂಡಿದ್ದಾರೆ.

ಇದಕ್ಕೆ ಎದುರಾದ ಉದಾಹರಣೆಯೂ ನಮ್ಮ ಮಗ್ಗುಲಲ್ಲೇ ಇದೆ. ಬನಹಟ್ಟಿಯ ನೆರೆಯ ತೇರದಾಳದಲ್ಲಿ, 12ನೆಯ ಶತಮಾನದ ಜೈನ ಬಸದಿಯ ಶಾಸನದಲ್ಲಿ, ಅಯ್ಯಾವೊಳೆಯ ಐನೂರ್ವರ ಹೆಸರು ಬರುತ್ತದೆ. ಅಯ್ಯಾವೊಳೆ ಎಂದರೆ ನಮ್ಮದೇ ಬಾಗಲಕೋಟೆ ಜಿಲ್ಲೆಯ ಐಹೊಳೆ. ಅಲ್ಲಿಂದ ಹೆಸರು ಪಡೆದ ಈ ವರ್ತಕ ಸಂಘದವರು ತಮ್ಮನ್ನು ‘ನಾನಾದೇಶಿ’ಗಳು ಎಂದು ಎದೆಯೆತ್ತಿ ಹೇಳಿಕೊಂಡರು. ಸುಮಾತ್ರಾದ ಬಾರುಸ್ ಬಂದರಿನ ಹತ್ತಿರ, ಲೋಬು ತುವಾದಲ್ಲಿ, 1088ರ ತಮಿಳು ಶಾಸನವೊಂದು ಈ ಐನೂರ್ವರದೇ. ಅಷ್ಟು ದೂರ ಹೋದರೂ ಅವರು ಪರದೇಸಿಗಳಾಗಲಿಲ್ಲ. ಸಂಘ ಬೆನ್ನಿಗಿತ್ತು, ಕಾವಲಿಗೆ ತಮ್ಮದೇ ಆಳುಗಳಿದ್ದರು, ಬಂದರು ಬಂದರಿಗೆ ತಮ್ಮವರಿದ್ದರು. ದೇಶ ಬಿಡುವುದೇ ಗರೀಬತನವಲ್ಲ, ಒಂಟಿಯಾಗಿ ಬಿಡುವುದು ಗರೀಬತನ ಎಂಬುದನ್ನು ಅವರ ಹೆಸರೇ ಹೇಳುತ್ತದೆ.

ಬನಹಟ್ಟಿ ನೇಕಾರರ ಊರು. ಬೆಳಗಾದರೆ ಪಾವರಲೂಮಿನ ಖಟಖಟ ಶುರು. ಮನೆಯ ಮುಂದಿನ ಖೋಲಿಯಲ್ಲಿ ಮಗ್ಗ, ಹಿಂದಿನ ಖೋಲಿಯಲ್ಲಿ ಒಲೆ. ಹೆಂಗಸರು ಕಂಡಿಕೆ ಸುತ್ತುತ್ತಾರೆ, ಗಂಡಸರು ಲಾಳಿಯ ಮೇಲೆ ಕಣ್ಣಿಟ್ಟು ನಿಲ್ಲುತ್ತಾರೆ; ಎಳೆ ಹರಿದರೆ ಮಗ್ಗ ನಿಲ್ಲಿಸಿ, ಗಂಟು ಹಾಕಿ, ಮತ್ತೆ ಗುಂಡಿ ಒತ್ತಬೇಕು. ಮಜೂರಿ ಸೀರೆಯ ಲೆಕ್ಕದಲ್ಲಿ. ನೂಲಿನ ದರ ಏರಿದರೆ, ಸೀರೆ ಗೋದಾಮಿನಲ್ಲಿ ಕೂತರೆ, ಕರೆಂಟು ಹೋದರೆ ಮಜೂರಿಗೆ ಕತ್ತರಿ ಬೀಳುತ್ತದೆ. ಹಾಗಾದಾಗ ಇಚಲಕರಂಜಿ, ಸೊಲ್ಲಾಪುರ, ಭಿವಂಡಿಯ ದಾರಿ ಹಿಡಿಯುವುದು ಇಲ್ಲಿಯ ಹಳೆಯ ರೂಢಿ. ‘ಗರೀಬಿ ಹಟಾವೋ’ ಎಂಬ 1971ರ ಚುನಾವಣೆಯ ಕೂಗಿನಿಂದ 2006ರ ‘ಗರೀಬ್ ರಥ’ ರೈಲಿನವರೆಗೆ ದಿಲ್ಲಿಯ ಸರಕಾರಗಳು ಈ ಪದವನ್ನು ಬಿಡದೆ ಹಿಡಿದುಕೊಂಡಿವೆ. ನೇಕಾರನ ಮಟ್ಟಿಗೆ ಅದು ಇನ್ನೂ ಮನೆಯ ಮಾತೇ.

ಕೊಲ್ಲಿಯ ದಾರಿ ನಮಗೆ ಹೊಸದು. ಕರ್ನಾಟಕದಿಂದ ಅತ್ತ ಮೊದಲು ಹೋದವರು ಕರಾವಳಿಯವರು: ಭಟ್ಕಳದ ನವಾಯತರು, ಮಂಗಳೂರು-ಉಡುಪಿಯವರು. ಅವರಿಗೆ ಅಲ್ಲಿ ಅಣ್ಣ, ಮಾವ, ಜಮಾತು, ಸಂಘ ಎಲ್ಲವೂ ಇವೆ. ನಮ್ಮ ಬಯಲುಸೀಮೆಯ ಹುಡುಗ ಹೋಗುವುದು ಐಟಿಐ ಸರ್ಟಿಫಿಕೇಟು ಹಿಡಿದು, ಏಜಂಟನ ಮಾತು ನಂಬಿ. ಅವನು ಇಳಿಯುವ ಊರಾದರೂ ಎಂಥದು! 1968ರ ಎಣಿಕೆಯಲ್ಲಿ ದುಬೈಯ ಜನ ಸುಮಾರು 59 ಸಾವಿರ. ಆಗಷ್ಟೇ, 1966ರಲ್ಲಿ, ಅಲ್ಲಿ ಎಣ್ಣೆ ಸಿಕ್ಕಿತ್ತು. 1979ರಲ್ಲಿ ಜೆಬೆಲ್ ಅಲಿ ಬಂದರು ತೆರೆಯಿತು, 2010ರಲ್ಲಿ 828 ಮೀಟರಿನ ಬುರ್ಜ್ ಖಲೀಫಾ ತೆರೆಯಿತು, 2022ರ ಹೊತ್ತಿಗೆ ಜನ 35 ಲಕ್ಷ ದಾಟಿದರು. ಹತ್ತರಲ್ಲಿ ಒಂಬತ್ತು ಮಂದಿ ಹೊರಗಿನವರು. ಅರಬ್ಬಿಯ ಹಳೆಯ ಅರ್ಥದಲ್ಲಿ ಹೇಳಿದರೆ, ಅದು ಗರೀಬರೇ ಕಟ್ಟಿ ಗರೀಬರೇ ನಡೆಸುವ ನಗರ.

ಆ ನಗರದಲ್ಲಿ ನಮ್ಮ ಹುಡುಗನಿಗೆ ಅಚ್ಚರಿಯಾಗುವುದು ಮಾತಿನಲ್ಲಿ. ದುಕಾನು ಅಲ್ಲಿ ‘ದುಕ್ಕಾನ್’, ಖುರ್ಚಿ ‘ಕುರ್ಸಿ’, ತಾರೀಖು ‘ತಾರೀಖ್’, ಹಿಸಾಬು ‘ಹಿಸಾಬ್’, ಹಾಜರು ‘ಹಾದಿರ್’. ಕೆಲಸ ಮುಗಿದರೆ ‘ಖಲಾಸ್’. ಇದನ್ನಂತೂ ಅವನು ಬನಹಟ್ಟಿಯ ಸಂತೆಯಲ್ಲೇ ಕಲಿತಿದ್ದಾನೆ. ಗುರುತಿನ ಪದಗಳು ಎದುರಾದಾಗ ಧೈರ್ಯ ಬರುತ್ತದೆ. ಆದರೆ ಎಲ್ಲ ಗುರುತಿನ ಪದಗಳೂ ಅದೇ ಅರ್ಥದವಲ್ಲ.

ನಮ್ಮ ಓಣಿಯಿಂದ ಎಲೆಕ್ಟ್ರಿಶಿಯನ್ ಆಗಿ ಹೋದ ಹುಡುಗನೊಬ್ಬ ಫೋನಿನಲ್ಲಿ ಹೇಳಿದ್ದು ಇದು. ತಿಂಗಳ ನಡುವೆ ಮನೆಗೆ ರೊಕ್ಕ ಕಳಿಸಬೇಕಾಗಿ ಬಂತು. ಉಚಾಪತಿ ಕೇಳಲು ಸ್ಟೋರಿನಲ್ಲಿದ್ದ ಸುಡಾನಿನ ಹಿರಿಯರ ಹತ್ತಿರ ಹೋದ. ತನಗೆ ಬರುವ ಹಿಂದಿಯಲ್ಲಿ ‘ಹಮ್ ಗರೀಬ್ ಆದ್ಮಿ’ ಎಂದ. ಆ ಹಿರಿಯರು ಬರೆಯುವುದನ್ನು ನಿಲ್ಲಿಸಿ, ಕನ್ನಡಕ ತೆಗೆದು, ಇವನನ್ನು ಎದುರಿನ ಖುರ್ಚಿಯಲ್ಲಿ ಕೂಡಿಸಿದರು. ಎದೆ ಮುಟ್ಟಿಕೊಂಡು ‘ಅನಾ ಘರೀಬ್’ ಎಂದರು. ಇವನತ್ತ ಬೆರಳು ಮಾಡಿ ‘ಇಂತಾ ಘರೀಬ್’ ಎಂದರು. ಆಮೇಲೆ ಇಡೀ ಸ್ಟೋರನ್ನು, ಹೊರಗಿನ ಬಸ್ಸನ್ನು, ಬಸ್ಸಿಗೆ ಕಾದು ನಿಂತವರನ್ನು ತೋರಿಸಿ ಎಲ್ಲರೂ ಘರೀಬ್ ಎಂದರು. ಉಚಾಪತಿ ಸಿಕ್ಕಿತು. ಹುಡುಗನ ತಲೆಯಲ್ಲಿ ಮಾತ್ರ ಒಂದು ಪ್ರಶ್ನೆ ಉಳಿಯಿತು. ‘ಕಾಕಾ, ಆ ಮನಷ್ಯಾ ಕೈಯಾಗ ಚಲೋ ಗಡಿಯಾರ ಕಟ್ಟ್ಯಾನ್ರಿ, ಪಗಾರಾನೂ ಭಾಳ ಐತಿ. ಅಂವಾ ಹೆಂಗ ಗರೀಬ ಅಕ್ಕಾನ್ರಿ?’ ನಾನು ಅರ್ಥ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ‘ಹಂಗಾದ್ರ ಖರೇನ ಹೇಳ್ಯಾನ ಬಿಡ್ರಿ ಅಂವಾ’ ಅಂದ. ರೊಕ್ಕ ಕೇಳಲು ಹೋದವನಿಗೆ ಅಲ್ಲಿ ರೊಕ್ಕದ ಜೊತೆಗೆ ಒಬ್ಬ ಜೊತೆಗಾರ ಸಿಕ್ಕಿದ್ದ.

ಹೊರಗಿನವನಿಗೆ ಯಾರು ಜವಾಬ್ದಾರರು ಎಂಬ ಪ್ರಶ್ನೆಗೆ ಕೊಲ್ಲಿ ಕೊಟ್ಟುಕೊಂಡ ಉತ್ತರ ‘ಕಫಾಲಾ’. ಕಫೀಲ್ ಎಂದರೆ ಹೊಣೆ ಹೊರುವವನು, ನಮ್ಮ ಮಾತಿನಲ್ಲಿ ಜಾಮೀನುದಾರ. ಒಂಟಿಯಾಗಿ ಬಂದವನ ಪರವಾಗಿ ಊರಿನವನೊಬ್ಬ ನಿಲ್ಲಲಿ ಎಂಬುದು ಅದರ ಮೂಲದ ಆಶಯ. ಆದರೆ ದುಡಿಸುವ ಧಣಿಯೇ ಜಾಮೀನುದಾರನೂ ಆದಾಗ ಆಸರೆ ಹಗ್ಗವಾಯಿತು. ವೀಸಾ ಅವನ ಕೈಯಲ್ಲಿ, ನೌಕರಿ ಬದಲಿಸಲು ಅವನ ಒಪ್ಪಿಗೆ ಬೇಕಿತ್ತು, ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧವಾದರೂ ಇಟ್ಟುಕೊಂಡವರು ಉಂಟು. ಈಚಿನ ವರ್ಷಗಳಲ್ಲಿ ಗಂಟು ಸಡಿಲವಾಗುತ್ತಿದೆ. 2009ರಲ್ಲಿ ಎಮಿರೇಟ್ಸ್ ಪಗಾರ ಬ್ಯಾಂಕಿನ ಮೂಲಕವೇ ಹೋಗಬೇಕೆಂದು ಮಾಡಿತು. 2020ರಲ್ಲಿ ಕತಾರ್, ನೌಕರಿ ಬದಲಿಸಲು ಹಳೆಯ ಧಣಿಯ ಒಪ್ಪಿಗೆ ಬೇಡ ಎಂದಿತು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಎಮಿರೇಟ್ಸ್‌ನಲ್ಲಿ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಇವೆಲ್ಲ ಒಳ್ಳೆಯ ಹೆಜ್ಜೆಗಳು. ಆದರೂ ಎಷ್ಟು ವರ್ಷ ದುಡಿದರೂ ಅಲ್ಲಿಯ ಪ್ರಜೆಯಾಗುವ ದಾರಿ ದುಡಿಯುವವನಿಗೆ ಇಲ್ಲವೆನ್ನುವಷ್ಟು ಕಡಿಮೆ. 1990ರಲ್ಲಿ ಇರಾಕ್ ಕುವೈತಿಗೆ ನುಗ್ಗಿದಾಗ ಇದು ಕಣ್ಣಿಗೆ ಹೊಡೆದಂತೆ ಕಂಡಿತು. ಮನೆ, ದುಕಾನು, ಬ್ಯಾಂಕಿನ ಹಣ ಎಲ್ಲ ಬಿಟ್ಟು ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಅಮ್ಮಾನಿನಿಂದ ಏರ್ ಇಂಡಿಯಾದ ವಿಮಾನಗಳಲ್ಲಿ ಮರಳಿದರು. ನಿನ್ನೆಯ ಸಿರಿವಂತ ಇವತ್ತು ಎರಡೂ ಅರ್ಥದಲ್ಲಿ ಗರೀಬನಾಗಿದ್ದ.

ಹೀಗಿರುವಾಗ ಹೋಗುವವನನ್ನು ತಡೆಯುವುದು ಉತ್ತರವಲ್ಲ. ದುಡಿಯಲು ದೇಶ ಬಿಟ್ಟವರು ಕನ್ನಡ ನಾಡನ್ನೂ ಕಟ್ಟಿದ್ದಾರೆ, ಕನ್ನಡ ನಾಡಿನಿಂದ ಹೋಗಿ ಬೇರೆ ನಾಡನ್ನೂ ಕಟ್ಟಿದ್ದಾರೆ. ಅವನು ಒಂಟಿಯಾಗಿ ಹೋಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಹತ್ತನೇ ಇಯತ್ತೆ ಪಾಸಾಗದವನು ಕೊಲ್ಲಿಯ ಆರೂ ದೇಶಗಳಿಗೆ ನೌಕರಿಗೆ ಹೋಗಬೇಕಾದರೆ 1983ರ ವಲಸೆ ಕಾಯಿದೆಯ ಪ್ರಕಾರ ಸರಕಾರದ ಅನುಮತಿ ಬೇಕು. ಇದನ್ನು ಅಡ್ಡಿ ಎಂದು ತಿಳಿದು, ಪ್ರವಾಸಿ ವೀಸಾದಲ್ಲಿ ಕಳಿಸುವ ಏಜಂಟನ ಬೆನ್ನು ಹತ್ತುವವರಿದ್ದಾರೆ. ಆ ಅನುಮತಿಯ ದಾರಿಯಲ್ಲಿ ಹೋದವನ ಕರಾರು ಸರಕಾರದ ಜಾಲತಾಣವಾದ ಇ-ಮೈಗ್ರೇಟ್‌ನಲ್ಲಿ ದಾಖಲಾಗಿರುತ್ತದೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ ಕಂತಿಗೆ 10 ಲಕ್ಷದ ಅಪಘಾತ ವಿಮೆ ಇರುತ್ತದೆ. ನೋಂದಾಯಿತ ಏಜಂಟ ತೆಗೆದುಕೊಳ್ಳಬಹುದಾದ ಸೇವಾಶುಲ್ಕದ ಮಿತಿ 30 ಸಾವಿರ ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಅದಕ್ಕಿಂತ ಹೆಚ್ಚು ಕೇಳಿದವನಿಗೆ ಮಗ್ಗ ಮಾರಿ, ಹೆಂಡತಿಯ ಬಂಗಾರ ಒತ್ತೆ ಇಟ್ಟು ಕೊಡಬೇಕಾಗಿಲ್ಲ. ಈ ನಾಲ್ಕು ಸಂಗತಿಗಳು ಪ್ರತಿ ನೇಕಾರ ಸೊಸೈಟಿಯ, ಪ್ರತಿ ಐಟಿಐಯ ಗೋಡೆಯ ಮೇಲೆ ಕನ್ನಡದಲ್ಲಿ ಇರಬೇಕು. ಕರಾವಳಿಯವರಿಗೆ ಅಲ್ಲಿರುವ ಸಂಘದ ಆಸರೆ ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಹುಡುಗರಿಗೂ ಸಿಗಬೇಕು. ಐಹೊಳೆಯ ಐನೂರ್ವರ ಸೀಮೆಯವರಿಗೆ ಸಂಘ ಕಟ್ಟುವುದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಕೆಲಸ ಮನೆಯ ಅಂಗಳದ್ದು. ಇವತ್ತು ಬೆಂಗಳೂರಿನ ಕಟ್ಟಡಗಳಲ್ಲಿ, ಹೆದ್ದಾರಿಯ ಹೋಟೆಲುಗಳಲ್ಲಿ ಬಿಹಾರ, ಒಡಿಶಾ, ಅಸ್ಸಾಮಿನ ಹುಡುಗರು ದುಡಿಯುತ್ತಿದ್ದಾರೆ. ಅವರೂ ಹಳೆಯ ಅರ್ಥದ ಗರೀಬರೇ. ನಮ್ಮ ಮಗನನ್ನು ಸುಡಾನಿನ ಹಿರಿಯನೊಬ್ಬ ಖುರ್ಚಿ ಕೊಟ್ಟು ಕೂಡಿಸಿದ ಎಂದು ಹಿಗ್ಗುವ ನಾವು, ನಮ್ಮೂರಿಗೆ ಬಂದವನಿಗೆ ಬಾಡಿಗೆ ಮನೆ ಕೊಡುವಾಗ, ಮಜೂರಿ ಎಣಿಸಿ ಕೊಡುವಾಗ, ಜ್ವರ ಬಂದ ದಿನ ದವಾಖಾನೆಗೆ ಕರೆದೊಯ್ಯುವಾಗ ಅದೇ ಮನಸ್ಸು ತೋರಿಸಬೇಕು.

ಪದಕೋಶಗಳಲ್ಲಿ ‘ಗರೀಬ’ದ ಎದುರು ಬಡವ, ದರಿದ್ರ, ಸಾಧು ಎಂದಿರುತ್ತದೆ. ಅವಕ್ಕೂ ಮೊದಲು ‘ಊರು ಬಿಟ್ಟು ಬಂದವನು’ ಎಂಬ ಅರ್ಥ ಸೇರಬೇಕೆಂದು ನನ್ನ ಆಸೆ. ಬಡವನಿಗೆ ಬೇಕಾದ್ದು ರೊಕ್ಕವೊಂದೇ ಎಂದುಕೊಂಡರೆ ಸಾಲ, ಸಬ್ಸಿಡಿ, ವೀಸಾ ಕೊಟ್ಟು ಕೈ ತೊಳೆದುಕೊಳ್ಳುತ್ತೇವೆ. ಅವನಿಗೆ ಬೇಕಾದ್ದು ತನ್ನ ಪರವಾಗಿ ನಿಲ್ಲುವ ನಾಲ್ಕು ಜನ ಎಂದು ತಿಳಿದರೆ ಮಾಡಬೇಕಾದ ಕೆಲಸ ಬೇರೆಯಾಗುತ್ತದೆ. ಅದು ದುಬೈಯಲ್ಲೂ ಬನಹಟ್ಟಿಯಲ್ಲೂ ಒಂದೇ ಕೆಲಸ.